ಬೆಂಗಳೂರಲ್ಲಿ ತೊಗಲುಗೊಂಬೆಗಳಿಗೆ ಗ್ಯಾಲರಿ ಕಟ್ಟುವಾಗ

ಕಿಟಕಿಗಳನ್ನು ಉತ್ತರಕ್ಕಿಡಿ, ಪಶ್ಚಿಮಕ್ಕೆ ಮೆಟ್ಟಿಲು, ಗೋದಾಮು ಬರಲಿ. ಉತ್ತರಕ್ಕೆ ಬಿಸಿಲು ಬೀಳದೆಂದು ಮೈಮರೆಯಬೇಡಿ: ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಕಿಟಕಿಯ ಮೇಲೆ ಬಿಸಿಲು ತಡೆಯುವ ಸಜ್ಜಾ ಬೇಕೇ ಬೇಕು.

ಗೊಂಬೆಗೆ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಎಲ್‌ಇಡಿ ಬೆಳಕು ಸಾಕು. ಹಿಂಬದಿಯಿಂದ ಬೆಳಗಿದರೆ ಬಣ್ಣ ಅರಳುತ್ತದೆ ನಿಜ. ಆದರೆ ಬಿಸಿ ತಾಗಿದರೆ ತೊಗಲು ಸುರುಟುತ್ತದೆ, ದೀಪ ಗೊಂಬೆಯಿಡುವ ಗಾಜಿನ ಪೆಟ್ಟಿಗೆಯ ಹೊರಗಿರಲಿ.

ದೊಡ್ಡ ತಪ್ಪು ಎಸಿಯದು. ಹಗಲಿಡೀ ಓಡಿಸಿ ರಾತ್ರಿ ಆರಿಸಿದರೆ ತೇವಾಂಶ ಏರಿಳಿದು ತೊಗಲು ಹಿಗ್ಗಿ ಕುಗ್ಗುತ್ತದೆ, ಬಣ್ಣ ಚಕ್ಕೆಯೇಳುತ್ತದೆ. ಹಾಲ್ ಪೂರ್ತಿ ತಣ್ಣಗಿಡುವ ಬದಲು ಗೊಂಬೆಗಳನ್ನು ಬಿಗಿಯಾದ ಗಾಜಿನ ಪೆಟ್ಟಿಗೆಯಲ್ಲಿಟ್ಟು, ತೇವ ಹೀರುವ ಹರಳಾದ ಸಿಲಿಕಾ ಜೆಲ್‌ನಿಂದ ತೇವಾಂಶ 50–55% ಕಾಪಾಡಿ. 65% ದಾಟಿದರೆ ಬೂಷ್ಟು. ಜನರಿಗೆ ಫ್ಯಾನ್ ಸಾಕು.

ದೇವರ ಗೊಂಬೆಗಳನ್ನು ಕಾಲಮಟ್ಟದಲ್ಲಿಡಬೇಡಿ. ಯಾವುದರ ಪಕ್ಕ ಯಾವುದು ಎಂಬುದನ್ನು ಗೊಂಬೆ ಆಡಿಸುವ ಮನೆತನದವರನ್ನು ಕೇಳಿಯೇ ನಿರ್ಧರಿಸಿ, ಅದೂ ನಕ್ಷೆಯ ಹಂತದಲ್ಲೇ.