ಗೆಸ್ಟ್ ವೈಫೈ ಲಾಗಿನ್ ಬದಲು ಎಚ್ಚರಿಕೆ ಪುಟ ಬಂದರೆ ಏನು ಮಾಡಬೇಕು?

ವೈಫೈ ಕನೆಕ್ಟ್ ಆಗಿದೆ, ಸಿಗ್ನಲ್ ಫುಲ್. ಬ್ರೌಸರ್ ತೆರೆದರೆ ಮಾತ್ರ ಮೊಬೈಲ್ ನಂಬರ್ ಕೇಳುವ ಲಾಗಿನ್ ಪುಟ ಬರುವುದಿಲ್ಲ. ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಅಂತ ಎಚ್ಚರಿಕೆ ಬರುತ್ತದೆ. ಹೋಟೆಲ್, ಆಸ್ಪತ್ರೆ, ಏರ್‌ಪೋರ್ಟ್‌ಗಳಲ್ಲಿ ಇದು ಮಾಮೂಲು. ತುಂಬಾ ಜನ ‘ಅಡ್ವಾನ್ಸ್ಡ್’ ಒತ್ತಿ, ‘ಪ್ರೊಸೀಡ್’ ಒತ್ತಿ ಒಳಗೆ ನುಗ್ಗುತ್ತಾರೆ. ಹೆಚ್ಚಿನ ಸಲ ಅದರ ಅಗತ್ಯವೇ ಇರುವುದಿಲ್ಲ.

ಲಾಗಿನ್ ಆಗುವ ತನಕ ಆ ವೈಫೈ ನಿಮ್ಮನ್ನು ಹೊರಗೆ ಬಿಡುವುದಿಲ್ಲ. ನೀವು ಯಾವ ವಿಳಾಸ ಕೇಳಿದರೂ ಅಡ್ಡ ಬಂದು ತನ್ನ ಪುಟಕ್ಕೆ ತಿರುಗಿಸುತ್ತದೆ. ಹಳೇ ಎಚ್‌ಟಿಟಿಪಿ ವಿಳಾಸವಾದರೆ ಇದು ಸಲೀಸು, ಎಚ್‌ಟಿಟಿಪಿಎಸ್ (ಸೈಟ್ ಅಸಲಿಯೇ ಅಂತ ಪರೀಕ್ಷಿಸುವ ಸುರಕ್ಷಿತ ರೂಪ) ಆದರೆ ಪೇಚು. ನೀವು ಕೇಳಿದ್ದು ಜಿಮೇಲ್, ಉತ್ತರ ಕೊಟ್ಟಿದ್ದು ಹೋಟೆಲ್ ರೌಟರ್. ಅದರ ಹತ್ತಿರ ಜಿಮೇಲ್ ಹೆಸರಿನ ಸರ್ಟಿಫಿಕೇಟ್, ಅಂದರೆ ‘ನಾನೇ ಆ ಸೈಟ್’ ಅಂತ ಸಾಬೀತು ಮಾಡುವ ಡಿಜಿಟಲ್ ಗುರುತುಪತ್ರ, ಎಲ್ಲಿಂದ ಬರಬೇಕು? ಬ್ರೌಸರ್ ತಡೆಯುತ್ತದೆ. ತಡೆದದ್ದು ಸರಿಯೇ.

ಹಾಗಾಗಿ ಮೊದಲು ಅಡ್ರೆಸ್ ಬಾರ್ ನೋಡಿ. ಅಲ್ಲಿರುವುದು ಜಿಮೇಲ್, ಬ್ಯಾಂಕ್‌ನಂಥ ಹೆಸರಾದರೆ ಆ ಟ್ಯಾಬ್ ಮುಚ್ಚಿಬಿಡಿ. ಹೊಸ ಟ್ಯಾಬ್‌ನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆಯಿರಿ. ಅದು ಇರುವುದೇ ಈ ಕೆಲಸಕ್ಕೆ. ವಿಳಾಸದ ಶುರುವಿಗೆ ಎಚ್‌ಟಿಟಿಪಿ ಅಂತ ನೀವೇ ಟೈಪ್ ಮಾಡಿ, ಕೊನೆಯ ಎಸ್ ಬೇಡ. ಐಫೋನ್‌ನವರು ಕ್ಯಾಪ್ಟಿವ್ ಡಾಟ್ ಆ್ಯಪಲ್ ಡಾಟ್ ಕಾಮ್ ಹಾಕಬಹುದು. ಆಂಡ್ರಾಯ್ಡ್‌ನಲ್ಲಿ ‘ಸೈನ್ ಇನ್ ಟು ನೆಟ್‌ವರ್ಕ್’ ನೋಟಿಫಿಕೇಶನ್ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ನೆಟ್‌ವರ್ಕ್ ‘ಫರ್ಗೆಟ್’ ಮಾಡಿ ಮತ್ತೆ ಸೇರಿಕೊಳ್ಳಿ.

ಆಗಲೂ ಬರಲಿಲ್ವಾ? ವಿಪಿಎನ್ ಆಫ್ ಮಾಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ಗೆ (ಸೈಟ್‌ಗಳ ವಿಳಾಸ ಹುಡುಕಿಕೊಡುವ ಸೇವೆ) ಯಾವುದಾದರೂ ಹೆಸರು ಹಾಕಿಟ್ಟಿದ್ದರೆ ‘ಆಟೊಮ್ಯಾಟಿಕ್’ಗೆ ತನ್ನಿ. ಜಾಹೀರಾತು ತಡೆಯಲು ಎಂದೋ ಹಾಕಿ ಮರೆತವರೇ ಜಾಸ್ತಿ. ಲಾಗಿನ್ ಆದ ಮೇಲೆ ಎರಡನ್ನೂ ಮೊದಲಿನಂತೆ ಮಾಡಿಕೊಳ್ಳಿ.

ಎರರ್‌ನಲ್ಲಿ ‘ಡೇಟ್ ಇನ್‌ವ್ಯಾಲಿಡ್’ ಅಂತಿದ್ದರೆ ನಿಮ್ಮದೇ ಗಡಿಯಾರ ನೋಡಿ, ಸರ್ಟಿಫಿಕೇಟ್‌ನ ಅವಧಿಯನ್ನು ಬ್ರೌಸರ್ ಅಳೆಯುವುದು ಅದರಿಂದಲೇ. ಒಳಗಿನ ಪುಟ್ಟ ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪ್ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿರುತ್ತದೆ. ಇಂಟರ್‌ನೆಟ್ ಇಲ್ಲದೆ ಅದು ತಾನಾಗಿ ಸಮಯ ಸರಿಮಾಡಿಕೊಳ್ಳಲಾರದು, ಸಮಯ ಸರಿಯಾಗದೆ ಇಂಟರ್‌ನೆಟ್ ಸಿಗದು! ತಾರೀಕನ್ನು ಕೈಯಾರೆ ಹಾಕಿ.

ತಾರೀಕು ಸರಿಯಿದೆ, ಅಡ್ರೆಸ್ ಬಾರ್‌ನಲ್ಲಿರುವುದೂ ಲಾಗಿನ್ ಪುಟದ್ದೇ ಹೆಸರು. ಆದರೂ ಎಚ್ಚರಿಕೆ ಬಂದರೆ ವೈಫೈ ನಡೆಸುವವರದ್ದೇ ತಪ್ಪಾಗಿರಬಹುದು, ಅಥವಾ ಅದೇ ಹೆಸರಲ್ಲಿ ಯಾರೋ ನಕಲಿ ವೈಫೈ ಇಟ್ಟಿರಬಹುದು. ಎರಡನ್ನು ಬೇರೆ ಮಾಡಲು ನಿಮಗೆ ದಾರಿಯಿಲ್ಲ. ರಿಸೆಪ್ಷನ್‌ಗೆ ಹೇಳಿ, ಮೊಬೈಲ್ ಡೇಟಾ ಬಳಸಿ. ಇಂಥ ಪುಟಕ್ಕೆ ಕಾರ್ಡ್ ನಂಬರ್, ಇಮೇಲ್ ಪಾಸ್‌ವರ್ಡ್ ಕೊಡಲೇಬೇಡಿ.

ಲಾಡ್ಜ್, ಹೋಮ್‌ಸ್ಟೇ, ಆಫೀಸುಗಳಲ್ಲಿ ವೈಫೈ ನೋಡಿಕೊಳ್ಳುವವರಿಗೂ ಎರಡು ಮಾತು. 192.168 ಅಂತ ಶುರುವಾಗುವ ಐಪಿಗೆ ಬ್ರೌಸರ್‌ಗಳು ನಂಬುವ ಯಾವ ಸಂಸ್ಥೆಯೂ ಸರ್ಟಿಫಿಕೇಟ್ ಕೊಡುವುದಿಲ್ಲ. ಲಾಗಿನ್ ಪುಟಕ್ಕೆ ನಿಮ್ಮದೇ ಡೊಮೇನ್‌ನ ಹೆಸರಿಡಿ. ಎಚ್‌ಟಿಟಿಪಿಎಸ್ ವಿಳಾಸಗಳನ್ನು ತಿರುಗಿಸುವ ಆಯ್ಕೆ ಆಫ್ ಮಾಡಿ. ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗೇ ಬರುತ್ತಲ್ಲ ಸಾರ್’ ಅನ್ನುವವರು ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್ (ನಿಮ್ಮ ಸರ್ಟಿಫಿಕೇಟನ್ನು ಬ್ರೌಸರ್ ನಂಬುವ ಸಂಸ್ಥೆಗೆ ಜೋಡಿಸುವ ನಡುವಿನ ಕೊಂಡಿ) ಹಾಕಿದ್ದಾರಾ ಅಂತ ನೋಡಲಿ. ಅವರ ಲ್ಯಾಪ್‌ಟಾಪ್ ಅದನ್ನು ಹಿಂದೆಯೇ ಎಲ್ಲಿಂದಲೋ ತಂದಿಟ್ಟುಕೊಂಡಿರುತ್ತದೆ. ಇನ್ನೂ ಲಾಗಿನ್ ಆಗದ ಗೆಸ್ಟ್ ಫೋನ್ ಎಲ್ಲಿಂದ ತರಬೇಕು?

ಇನ್ನು ಸರ್ಟಿಫಿಕೇಟ್ ರಿನ್ಯೂವಲ್. ವರ್ಷಕ್ಕೊಮ್ಮೆ ಹಾಕಿ ಮರೆಯುವ ಕಾಲ ಮುಗಿಯಿತು. 2026ರ ಮಾರ್ಚ್ 15ರಿಂದ ಹೊಸ ಸರ್ಟಿಫಿಕೇಟ್‌ಗೆ ಗರಿಷ್ಠ ಆಯಸ್ಸು 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡರೆ ಸಾಲದು. ತಾನಾಗಿಯೇ ರಿನ್ಯೂ ಆಗುವ ವ್ಯವಸ್ಥೆ ನಿಮ್ಮ ಕಂಟ್ರೋಲರ್‌ನಲ್ಲಿ (ವೈಫೈ, ಲಾಗಿನ್ ಪುಟ ನಡೆಸುವ ಸಾಧನ) ಇದೆಯಾ ಅಂತ ಈಗಲೇ ವೆಂಡರ್‌ನ್ನು ಕೇಳಿ.