ಗದಗಿನ ಕಂಪನಿ ನಾಟಕದ ಕಾಗದಗಳು: ಅನುದಾನ ಕೇಳುವ ಮೊದಲು ನಾವು ಎಣಿಸಿದೆವು

ಹ್ಯಾಂಡ್‌ಬಿಲ್ 212. ಫೋಟೊ 64. ಕೈಬರಹದ ನಾಟಕದ ಪ್ರತಿ 19, ಅದರಲ್ಲಿ 7ಕ್ಕೆ ಕೊನೆಯ ಹಾಳೆಗಳಿಲ್ಲ. ಹಾರ್ಮೋನಿಯಂ ಮಾಸ್ತರರ ಹಾಡಿನ ವಹಿ 5. ಈ ಕಾಗದಗಳನ್ನು ಉಳಿಸಲು ಒಂದು ಪ್ರತಿಷ್ಠಾನದ ಅನುದಾನ ನಮಗೆ ಸಿಕ್ಕಿದ್ದು ಈ ಯಾದಿಯಿಂದಲೇ ಅಂತ ನಾನು ನಂಬಿದ್ದೇನೆ.

ನಾನು ಗದಗ-ಬೆಟಗೇರಿಯಲ್ಲಿ ಹೈಸ್ಕೂಲಿನ ಕನ್ನಡ ಶಿಕ್ಷಕಿ. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗಣಿತದ ಲೆಕ್ಕ ಮಾಡಿದ ತೆಳು ಗುಲಾಬಿ ಕಾಗದ ನನ್ನ ಕಣ್ಣಿಗೆ ಬಿತ್ತು. ತಿರುಗಿಸಿ ನೋಡಿದರೆ ನಾಟಕ ಕಂಪನಿಯ ಹ್ಯಾಂಡ್‌ಬಿಲ್. ಖುರ್ಚಿಗೆ ಇಷ್ಟು, ಬೆಂಚಿಗೆ ಇಷ್ಟು, ಚಾಪೆಗೆ ಇಷ್ಟು ಆಣೆ ಅಂತ ದರ. "ಮನ್ಯಾಗ ಒಂದು ಟ್ರಂಕ್ ತುಂಬ ಅದಾವ್ರಿ ಅಕ್ಕೋರ, ಹಿಂದಿನ ಬಾಜು ಖಾಲಿ ಇರ್ತಾವಂತ ಬರೀತೀನ್ರಿ" ಅಂದಳು. ಅವಳ ಮುತ್ತಜ್ಜ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರಂತೆ.

ಗದಗನ್ನು ಬಿಟ್ಟು ಕನ್ನಡ ವೃತ್ತಿ ರಂಗಭೂಮಿಯ ಕಥೆ ಹೇಳಲು ಆಗುವುದಿಲ್ಲ. 1870ರ ದಶಕದಲ್ಲಿ ನಾಟಕಕಾರ ಶಾಂತಕವಿಗಳು ಕೃತಪುರ ನಾಟಕ ಮಂಡಳಿ ಕಟ್ಟಿದ್ದು ಇಲ್ಲೇ. ಕೃತಪುರ ಅಂದರೆ ಗದಗು. ಆಮೇಲೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳೂ ನಾಟಕ ಕಂಪನಿ ನಡೆಸಿದರು. ದೊಡ್ಡವರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಪರದೆ ಬರೆದವರು, ಹಾರ್ಮೋನಿಯಂ ಪೇಟಿ ನುಡಿಸಿದವರು, ಸಣ್ಣ ಪಾರ್ಟು ಮಾಡಿದವರು ಏನಾದರು? ಅವರ ಗುರುತು ಇರುವುದು ಅಟ್ಟದ ಮೇಲಿನ ಇಂಥ ಟ್ರಂಕುಗಳಲ್ಲಿ ಮಾತ್ರ.

ಉತ್ಸಾಹದಲ್ಲಿ ನಾನು ಬರೆದ ಮೊದಲ ಅರ್ಜಿ ವಸ್ತುಸಂಗ್ರಹಾಲಯ ಕಟ್ಟುವುದಕ್ಕೆ. 18 ಲಕ್ಷ ಕೇಳಿದ್ದೆ. ಗದಗಿನ ಕೀರ್ತಿಯ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಎರಡೇ ಸಾಲಿನಲ್ಲಿ ಇಲ್ಲ ಅಂತ ಉತ್ತರ ಬಂತು. ಫೋನ್ ಮಾಡಿ ಕಾರಣ ಕೇಳಿದೆ. ಆ ಕಡೆಯವರು ಸಮಾಧಾನದಿಂದಲೇ ಕೇಳಿದರು: "ಈಗ ನಿಮ್ಮ ಕೈಯಲ್ಲಿ ಏನಿದೆ? ಎಷ್ಟಿದೆ? ಯಾರ ಮನೆಯಲ್ಲಿದೆ?" ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ.

ಮುಂದಿನ ಆರು ಭಾನುವಾರ ಬರೀ ಎಣಿಸಿದೆವು. ನಾನು, ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು, ಆ ಹುಡುಗಿ. ನಾಲ್ಕು ಮನೆ. ಪ್ರತಿ ಕಾಗದಕ್ಕೂ ವಹಿಯಲ್ಲಿ ಒಂದು ಸಾಲು: ನಂಬರು, ಅಳತೆ, ಯಾವ ಕಂಪನಿ, ಯಾವ ನಾಟಕ, ಯಾವ ಊರಿನ ಮುಕ್ಕಾಂ, ಸ್ಥಿತಿ ಹೇಗಿದೆ. ನಂಬರನ್ನು ಕಾಗದದ ಮೇಲೆ ಪೆನ್ನಿನಿಂದ ಬರೆಯಲೇ ಇಲ್ಲ. ಬೇರೆ ಚೀಟಿಯಲ್ಲಿ ಬರೆದು ಜೊತೆಗಿಟ್ಟೆವು. ಕೆಲವನ್ನು ಹುಳ ತಿಂದಿತ್ತು. ಒಂದು ಮನೆಯವರು ಪಾಪ, ಚೆನ್ನಾಗಿರಲಿ ಅಂತ ಹನ್ನೊಂದು ಹ್ಯಾಂಡ್‌ಬಿಲ್ ಲ್ಯಾಮಿನೇಶನ್ ಮಾಡಿಸಿದ್ದರು. ಬಿಸಿಗೆ ಬಣ್ಣ ಹರಡಿತ್ತು, ಪ್ಲಾಸ್ಟಿಕ್ ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ದಯವಿಟ್ಟು ಯಾರೂ ಹಳೆ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೊಟೇಪ್ ಹಚ್ಚಬೇಡಿ. ಹಚ್ಚಿದ್ದರೆ ನೀವೇ ಕೀಳಲು ಹೋಗಬೇಡಿ.

ಎಣಿಸುವುದಕ್ಕಿಂತ ಕಷ್ಟದ್ದು ಒಪ್ಪಿಗೆ. ಹಾರ್ಮೋನಿಯಂ ಮಾಸ್ತರರ ಸೊಸೆ, ಎಂಬತ್ತು ದಾಟಿದ ಆಯಿ, ಟ್ರಂಕಿನ ಕೀಲಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಮೂರನೆಯ ಸಲ ಹೋದಾಗ ಕೇಳಿದರು: "ಹಿಂದಕ ಒಬ್ರು ಬಂದು ಮಾವನ ಫೋಟೊ ಒಯ್ದ್ರು. ಕೊಡ್ತೀನಿ ಅಂದ್ರು, ಇನ್ನೂ ಕೊಟ್ಟಿಲ್ಲ. ನೀವು ಒಯ್ಯೂದಿಲ್ಲಂತ ಏನ್ ಗ್ಯಾರಂಟಿ ತಂಗಿ?" ನಾನು ಹೇಳಿದೆ, "ಆಯಿ, ಒಂದು ಹಾಳೀನೂ ಹೊಸ್ತಿಲ ದಾಟೂದಿಲ್ಲ. ನಿಮ್ಮ ಪಡಸಾಲ್ಯಾಗ ಫೋಟೊ ತಗೀತೀವಿ, ನಿಮ್ಮ ಮುಂದ ಟ್ರಂಕಿಗೆ ಹಾಕ್ತೀವಿ."

ಈ ಮಾತೇ ನಮ್ಮ ಎರಡನೆಯ ಅರ್ಜಿಯ ಬೆನ್ನೆಲುಬಾಯಿತು. ಮೂಲ ಕಾಗದ ಮನೆಯಲ್ಲೇ ಉಳಿಯುತ್ತದೆ, ನಾವು ಮಾಡುವುದು ಡಿಜಿಟಲ್ ಪ್ರತಿ, ಯಾದಿ, ಒಳ್ಳೆಯ ಪೆಟ್ಟಿಗೆ. ನಾಲ್ಕೂ ಮನೆಯವರ ಸಹಿ ಇರುವ ಕನ್ನಡದ ಒಪ್ಪಿಗೆ ಪತ್ರ ಲಗತ್ತಿಸಿದೆವು. ನಾಟಕದ ಪ್ರತಿಗಳಿಗೆ ಇನ್ನೊಂದು ಪ್ರಶ್ನೆ ಇತ್ತು. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕಾಗದ ಒಬ್ಬರ ಮನೆಯಲ್ಲಿದೆ ಅಂದ ಮಾತ್ರಕ್ಕೆ ನಾಟಕದ ಹಕ್ಕು ಅವರದ್ದಾಗುವುದಿಲ್ಲ. ಹಾಗಾಗಿ ಪ್ರತಿಗಳ ಚಿತ್ರ ತೆಗೆದಿಡುತ್ತೇವೆ, ಬರೆದವರ ಕುಟುಂಬ ಒಪ್ಪುವ ತನಕ ಯಾವುದನ್ನೂ ಪ್ರಕಟಿಸುವುದಿಲ್ಲ ಅಂತ ಬರೆದೆವು.

ಈ ಸಲ ಕೇಳಿದ್ದು 2 ಲಕ್ಷ 40 ಸಾವಿರ, ಹತ್ತು ತಿಂಗಳಿಗೆ. ಕ್ಯಾಮೆರಾ ಕೊಳ್ಳುವ ಸಾಲು ತೆಗೆದು ಬಾಡಿಗೆ ಅಂತ ಹಾಕಿದೆವು. ಛಾಯಾಗ್ರಾಹಕರ ಕೂಲಿ, ಆಮ್ಲ ಇಲ್ಲದ ಕಾಗದದ ಲಕೋಟೆ ಮತ್ತು ಪೆಟ್ಟಿಗೆ, ಎರಡು ಹಾರ್ಡ್ ಡಿಸ್ಕ್, ಟೈಪಿಂಗ್, ಓಡಾಟ. ಹಿರಿಯರು ಕೂತು ಹಳೆ ಮಾತು ಹೇಳಿದ್ದಕ್ಕೆ ಗೌರವಧನವನ್ನೂ ಹಾಕಿದೆವು. ಅದನ್ನು ಹಾಕಲೇಬೇಕು. ಅವರ ನೆನಪು ಇಲ್ಲದಿದ್ದರೆ ಅರ್ಧ ಫೋಟೊಗಳಿಗೆ ಹೆಸರೇ ಇರುತ್ತಿರಲಿಲ್ಲ. ಅನುದಾನ ಮಂಜೂರಾಯಿತು, ಹಣ ಮೂರು ಕಂತಿನಲ್ಲಿ ಬಂತು. ಪ್ರತಿ ಕಂತಿಗೂ ಲೆಕ್ಕ ಕೊಡಬೇಕು. ಆಟೋದವರು ಬಿಲ್ ಕೊಡುವುದಿಲ್ಲ, ಅಲ್ವಾ? ಮೊದಲ ದಿನದಿಂದಲೇ ವೋಚರ್ ಬರೆದು ಸಹಿ ಹಾಕಿಸಿಕೊಂಡೆವು.

ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ತಾರೀಖು ಹುಡುಕಿದ್ದು. ಹ್ಯಾಂಡ್‌ಬಿಲ್ಲುಗಳಲ್ಲಿ ವಾರ, ತಾರೀಖು ಇರುತ್ತಿತ್ತು, ಇಸವಿ ಇರುತ್ತಿರಲಿಲ್ಲ. ಇವತ್ತು ರಾತ್ರಿಯ ಆಟಕ್ಕೆ ಇಸವಿ ಯಾಕೆ ಬೇಕು? ಒಂದರಲ್ಲಿ "ಶನಿವಾರ ತಾ. 14-3" ಅಂತಿತ್ತು. ಕ್ಯಾಲೆಂಡರ್ ಹಿಡಿದು ಕೂತೆವು. 1930ರಿಂದ 1960ರ ಒಳಗೆ ಮಾರ್ಚ್ 14 ಶನಿವಾರ ಬಂದಿದ್ದು 1931, 1936, 1942, 1953, 1959ರಲ್ಲಿ. ದರ ಆಣೆಯಲ್ಲಿದೆ. ಆಣೆಯ ಬದಲು ನಯಾ ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ, ಹಾಗಾಗಿ 1959 ಬಿಟ್ಟೆವು. ಉಳಿದ ನಾಲ್ಕರಲ್ಲಿ ಯಾವುದು ಅಂತ ಹೇಳುವ ಆಧಾರ ಸಿಗಲಿಲ್ಲ. ಯಾದಿಯಲ್ಲಿ ನಾಲ್ಕನ್ನೂ ಬರೆದೆವು. ಒಂದನ್ನು ಆರಿಸಿ ಬರೆದುಬಿಟ್ಟಿದ್ದರೆ ನಾಳೆ ಓದುವವರು ಅದನ್ನೇ ಸತ್ಯ ಅಂದುಕೊಳ್ಳುತ್ತಿದ್ದರು.

ಚಿತ್ರ ತೆಗೆದಿದ್ದು ಪಡಸಾಲೆಯ ಕಿಟಕಿ ಪಕ್ಕ, ಬೆಳಗ್ಗೆ ಹತ್ತರಿಂದ ಒಂದರ ತನಕ, ಫ್ಲ್ಯಾಶ್ ಇಲ್ಲದೆ. ಪ್ರತಿ ಚಿತ್ರದಲ್ಲೂ ಅಳತೆಪಟ್ಟಿ, ಬಣ್ಣದ ಪಟ್ಟಿ. ಮೂಲ ಫೈಲು ವಿವರ ಕಳೆದುಹೋಗದ ಟಿಫ್‌ನಲ್ಲಿ, ನೋಡುವುದಕ್ಕೆ ಹಗುರವಾದ ಜೆಪೆಗ್. ಒಂದು ಡಿಸ್ಕ್ ನಮ್ಮ ಶಾಲೆಯಲ್ಲಿ, ಇನ್ನೊಂದು ಡ್ರಾಯಿಂಗ್ ಮಾಸ್ತರರ ಮನೆಯಲ್ಲಿ.

ಎಲ್ಲಿ ಕೇಳಬೇಕು ಅಂತ ಜನ ನನ್ನನ್ನು ಕೇಳುತ್ತಾರೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆಯ ಸಂಶೋಧನೆಗೆ ವ್ಯಕ್ತಿಗಳಿಗೂ ಅನುದಾನ ಕೊಡುತ್ತದೆ, ಅರ್ಜಿ ಕನ್ನಡದಲ್ಲೇ ಬರೆಯಬಹುದು. ಸರ್ಕಾರಿ ಶಾಲೆ ಶಿಕ್ಷಕರು ಅವರ ಕಲಾ ಶಿಕ್ಷಣದ ಕಲಿ-ಕಲಿಸು ಕಾರ್ಯಕ್ರಮ ನೋಡಿ. ಹಳೆಯ ದಾಖಲೆ ದೊಡ್ಡ ಪ್ರಮಾಣದಲ್ಲಿದ್ದರೆ ಅಳಿವಿನಂಚಿನ ದಾಖಲೆಗಳಿಗೆಂದೇ ಇರುವ ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ 2004ರಿಂದ ನಡೆಯುತ್ತಿದೆ. ಅವರೂ ಮೂಲವನ್ನು ದೇಶದಿಂದ ಹೊರಗೆ ಒಯ್ಯುವುದಿಲ್ಲ. ಆದರೆ ವಿದೇಶಿ ಹಣ ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಬೇಕು. ಕಾಗದ ಅಲ್ಲ, ಹಳೆ ಗುಡಿ ದುರಸ್ತಿ ಅಂದರೆ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಇದೆ. ವ್ಯಾಪಾರ ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್ಆರ್ ಹಣವೂ ಪರಂಪರೆಯ ಕೆಲಸಕ್ಕೆ ಬರುತ್ತದೆ, ಅದಕ್ಕೆ ನೋಂದಾಯಿತ ಸಂಸ್ಥೆ ಇರಬೇಕು. ಎಲ್ಲಿಗೇ ಹೋಗಿ, ಎಣಿಸಿದ ಯಾದಿ ಕೈಯಲ್ಲಿರಲಿ.

ಕೊನೆಯ ಕಂತಿನ ಹೊತ್ತಿಗೆ ಆಯಿಯ ಮನೆಯ ಪೆಟ್ಟಿಗೆಗಳು ಸಿದ್ಧವಾದವು. ಬೂದು ಬಣ್ಣದ ಆರು ಪೆಟ್ಟಿಗೆ, ಮೇಲೆ ನಮ್ಮ ನಂಬರಿನ ಚೀಟಿ. ಆಯಿ ಒಂದೊಂದನ್ನೂ ಮುಟ್ಟಿ ನೋಡಿದರು. "ಎಲ್ಲಾ ಚಲೋ ಮಾಡೀರಿ ತಂಗಿ. ಆದ್ರ ಮಾವನ ಹೆಸರು ಎಲ್ಲೈತಿ?" ಅಂದರು.

ಎಲ್ಲೂ ಇರಲಿಲ್ಲ. ಡ್ರಾಯಿಂಗ್ ಮಾಸ್ತರರು ಅಲ್ಲೇ ಕೂತು ಕುಂಚ ತೆಗೆದು, ಆರೂ ಚೀಟಿಗಳನ್ನು ಹೊಸದಾಗಿ ಬರೆದರು. ಹೆಸರು ದೊಡ್ಡದಾಗಿ, ಅದರ ಕೆಳಗೆ ಸಣ್ಣಗೆ ನಂಬರು.