ಬ್ರೌಸರ್ ಪುಟವನ್ನೇ ಡೆಸ್ಕ್‌ಟಾಪ್ ಎಡಿಟರ್ ಮಾಡಿಕೊಂಡಿದ್ದು ಹೀಗೆ

ನಾನು ಟಿಪ್ಪಣಿ ಬರೆಯುವ ಎಡಿಟರ್ ನಿಜಕ್ಕೂ ಒಂದು ವೆಬ್ ಪುಟ. ಆದರೆ ಅದಕ್ಕೆ ತನ್ನದೇ ವಿಂಡೋ ಇದೆ, ಟಾಸ್ಕ್‌ಬಾರ್‌ನಲ್ಲಿ ಐಕಾನ್ ಇದೆ, ಇಂಟರ್ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಈ ಕೆಲಸದಲ್ಲಿ ವಿಂಡೋ ತರಿಸುವುದು ತೀರಾ ಸುಲಭ. ಫೈಲನ್ನು ನಂಬಿಕೆಯಿಂದ ಉಳಿಸುವ ಹಾಗೆ ಮಾಡುವುದೇ ಕಷ್ಟ.

ವಿಂಡೋಗೆ ಬೇಕಾದ್ದು ಒಂದು ಮ್ಯಾನಿಫೆಸ್ಟ್ ಫೈಲ್: ಹೆಸರು, ಆರಂಭದ ವಿಳಾಸ, 192 ಮತ್ತು 512 ಪಿಕ್ಸೆಲ್‌ನ ಎರಡು ಐಕಾನ್, ಡಿಸ್‌ಪ್ಲೇ ಎಂಬಲ್ಲಿ ಸ್ಟ್ಯಾಂಡ್‌ಅಲೋನ್ (ಅಂದರೆ ತನ್ನದೇ ವಿಂಡೋ). ಸೈಟ್ ಎಚ್‌ಟಿಟಿಪಿಎಸ್‌ನಲ್ಲಿರಬೇಕು, ಪರೀಕ್ಷೆಗೆ ಲೋಕಲ್‌ಹೋಸ್ಟ್ (ನಿಮ್ಮದೇ ಕಂಪ್ಯೂಟರ್) ಸಾಕು. ಕ್ರೋಮ್, ಎಡ್ಜ್ ಎರಡರಲ್ಲೂ ವಿಳಾಸಪಟ್ಟಿಯಲ್ಲೇ ಇನ್‌ಸ್ಟಾಲ್ ಗುರುತು ಬರುತ್ತದೆ.

ಆಫ್‌ಲೈನ್‌ಗೆ ಸರ್ವೀಸ್ ವರ್ಕರ್ ಬರೆಯಬೇಕು. ಇದು ಹಿನ್ನೆಲೆಯಲ್ಲಿ ಓಡುತ್ತಾ, ಕ್ಯಾಶ್‌ನಲ್ಲಿ (ಬ್ರೌಸರ್ ಇಟ್ಟುಕೊಂಡ ಪ್ರತಿಗಳ ಸಂಗ್ರಹ) ಇರುವ ಫೈಲ್‌ಗಳನ್ನು ಪುಟಕ್ಕೆ ಕೊಡುವ ಸ್ಕ್ರಿಪ್ಟ್. ವರ್ಕರ್‌ನ ಇನ್‌ಸ್ಟಾಲ್ ಹಂತದಲ್ಲಿ ಕ್ಯಾಶ್‌ಗೆ ಸೇರಿಸುವ ಪಟ್ಟಿಯಲ್ಲಿ ಒಂದೇ ಒಂದು ಫೈಲ್ ಸಿಗದಿದ್ದರೂ ಇಡೀ ಇನ್‌ಸ್ಟಾಲ್ ವಿಫಲವಾಗುತ್ತದೆ, ಹಾಗಾಗಿ ಆ ಪಟ್ಟಿಯನ್ನು ಕೈಯಲ್ಲಿ ಬರೆಯದೆ ಕೋಡ್ ಜೋಡಿಸುವ ಬಿಲ್ಡ್ ಹಂತದಿಂದಲೇ ತೆಗೆಸುತ್ತೇನೆ. ಹೊಸ ಆವೃತ್ತಿ ಹಾಕಿದರೂ ಹಳೆಯದೇ ಕಾಣುತ್ತಿದೆ ಎಂಬ ದೂರಿಗೆ ಕಾರಣ ಇನ್ನೊಂದು. ಹಳೆಯ ವರ್ಕರ್‌ನ ಹಿಡಿತದಲ್ಲಿರುವ ಎಲ್ಲ ಟ್ಯಾಬ್, ವಿಂಡೋಗಳು ಮುಚ್ಚುವವರೆಗೆ ಹೊಸದು ಕಾಯುತ್ತಲೇ ಇರುತ್ತದೆ. ಬರೀ ರಿಲೋಡ್‌ಗೆ ಅದು ಜಗ್ಗುವುದಿಲ್ಲ. ಈ ಕಾಯುವಿಕೆಯನ್ನು ತಪ್ಪಿಸುವ ಸ್ಕಿಪ್‌ವೇಟಿಂಗ್ ಅನ್ನು ಕಣ್ಣುಮುಚ್ಚಿ ಕರೆದರೆ ಹಳೆಯ ಪುಟಕ್ಕೆ ಹೊಸ ಸ್ಕ್ರಿಪ್ಟ್ ಸಿಕ್ಕಿ ಅರ್ಧದಲ್ಲಿ ಕೆಡುತ್ತದೆ. ನಾನು ‘ಹೊಸ ಆವೃತ್ತಿ ಸಿದ್ಧ’ ಎಂಬ ಬಟನ್ ಇಟ್ಟಿದ್ದೇನೆ. ಅದನ್ನು ಒತ್ತಿದಾಗ ಮೊದಲು ಬರಹ ಉಳಿಯುತ್ತದೆ, ಆಮೇಲೆ ವರ್ಕರ್ ಬದಲಾಗುತ್ತದೆ, ಕೊನೆಗೆ ರಿಲೋಡ್. ವರ್ಕರ್ ಫೈಲಿನ ಹೆಸರನ್ನು ಮಾತ್ರ ಎಂದೂ ಬದಲಿಸಬೇಡಿ. ಕ್ಯಾಶ್‌ನಲ್ಲಿರುವ ಹಳೆಯ ಪುಟ ಹಳೆಯ ಹೆಸರನ್ನೇ ಹುಡುಕುತ್ತದೆ.

ಇನ್ನು ಫೈಲ್. ಕ್ರೋಮ್ 86ರಿಂದ (2020) ಪುಟವೊಂದು ಬಳಕೆದಾರರ ಒಪ್ಪಿಗೆ ಪಡೆದು ಡಿಸ್ಕ್‌ನ ಫೈಲನ್ನು ತೆರೆದು ಅದೇ ಜಾಗದಲ್ಲಿ ಬರೆಯಬಹುದು. ಬರೆಯುವಾಗ ಅಕ್ಷರಗಳು ನೇರ ಮೂಲ ಫೈಲಿಗೆ ಹೋಗುವುದಿಲ್ಲ. ಪಕ್ಕದಲ್ಲಿ ಡಾಟ್ ಸಿಆರ್‌ಸ್ವಾಪ್ ಎಂಬ ತಾತ್ಕಾಲಿಕ ಫೈಲ್ ಹುಟ್ಟುತ್ತದೆ, ಬರೆದು ಮುಗಿಸುವ ಕ್ಲೋಸ್ ಕರೆದಾಗ ಅದು ಮೂಲದ ಜಾಗಕ್ಕೆ ಬರುತ್ತದೆ. ನಡುವೆ ಬ್ರೌಸರ್ ಕ್ರ್ಯಾಶ್ ಆದರೂ ಹಳೆಯ ಪ್ರತಿ ಹಾಗೇ ಇರುತ್ತದೆ, ಇದು ನನಗೆ ತುಂಬಾ ಹಿಡಿಸಿದ ವ್ಯವಸ್ಥೆ. ಆದ್ದರಿಂದ ‘ಉಳಿಸಲಾಗಿದೆ’ ಎಂದು ತೋರಿಸಬೇಕಾದ್ದು ರೈಟ್ ಮುಗಿದಾಗಲ್ಲ, ಕ್ಲೋಸ್ ಮುಗಿದ ಮೇಲೆ. ಉಳಿಸುವ ಮುನ್ನ ಫೈಲಿನ ಕೊನೆಯ ಬದಲಾವಣೆಯ ಸಮಯವನ್ನು ತೆರೆದಾಗಿನ ಸಮಯಕ್ಕೆ ಹೋಲಿಸಿ; ಬೇರೆ ಪ್ರೋಗ್ರಾಂ ಅದೇ ಫೈಲನ್ನು ತಿದ್ದಿದ್ದರೆ ಇಲ್ಲಿ ಗೊತ್ತಾಗುತ್ತದೆ.

‘ಇತ್ತೀಚಿನ ಫೈಲ್‌ಗಳು’ ಪಟ್ಟಿ ಬೇಕೆಂದರೆ ಫೈಲ್ ಹ್ಯಾಂಡಲನ್ನು (ಆ ಫೈಲನ್ನು ಮತ್ತೆ ತಲುಪಲು ಬ್ರೌಸರ್ ಕೊಡುವ ಗುರುತು) ಬ್ರೌಸರಿನೊಳಗಿನ ಡೇಟಾಬೇಸ್ ಆದ ಇಂಡೆಕ್ಸ್‌ಡಿಬಿಯಲ್ಲಿಡಬೇಕು. ಬ್ರೌಸರಿನ ಇನ್ನೊಂದು ಸಂಗ್ರಹವಾದ ಲೋಕಲ್‌ಸ್ಟೋರೇಜ್ ಬರೀ ಅಕ್ಷರಸರಣಿ ಹಿಡಿಯುತ್ತದೆ, ಹ್ಯಾಂಡಲ್ ಅಲ್ಲಿ ಉಳಿಯುವುದಿಲ್ಲ. ಮರುದಿನ ತೆರೆದಾಗ ಹ್ಯಾಂಡಲ್ ಇದ್ದರೂ ಅನುಮತಿ ಇಲ್ಲದಿರಬಹುದು, ಮತ್ತೆ ಕೇಳಬೇಕು. ಪುಟ ಲೋಡ್ ಆಗುತ್ತಿದ್ದಂತೆ ಕೇಳಿದರೆ ಬ್ರೌಸರ್ ತಿರಸ್ಕರಿಸುತ್ತದೆ. ಬಳಕೆದಾರರು ಪಟ್ಟಿಯಲ್ಲಿ ಹೆಸರಿನ ಮೇಲೆ ಕ್ಲಿಕ್ ಮಾಡಿದ ಆ ಕ್ಷಣದಲ್ಲೇ ಕೇಳಿ.

ಕಂಟ್ರೋಲ್ ಎಸ್ ಒತ್ತಿದಾಗ ಬ್ರೌಸರಿನ ‘ಪುಟ ಉಳಿಸಿ’ ಬರದಂತೆ ತಡೆಯಬೇಕು. ಕೀ ಒತ್ತಿದ್ದಕ್ಕೂ ಫೈಲ್ ಪಿಕರ್ (ಫೈಲ್ ಆರಿಸುವ ಕಿಟಕಿ) ಕರೆಯುವುದಕ್ಕೂ ನಡುವೆ ಉದ್ದದ ಕೆಲಸ ಇಡಬೇಡಿ. ಕೆಲವೇ ಸೆಕೆಂಡಿನಲ್ಲಿ ಆ ಒತ್ತುವಿಕೆಯ ಮಾನ್ಯತೆ ಮುಗಿದು ಪಿಕರ್ ತೆರೆಯುವುದೇ ಇಲ್ಲ.

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಈ ಎಡಿಟರ್‌ನಲ್ಲೇ ತೆರೆಯಲು ಮ್ಯಾನಿಫೆಸ್ಟ್‌ನಲ್ಲಿ ಫೈಲ್ ಹ್ಯಾಂಡ್ಲರ್ಸ್ ಸೇರಿಸಿ, ಫೈಲ್ ಹೆಸರಿನ ಕೊನೆಯ ಯಾವ ವಿಸ್ತರಣೆ ಎಂದು ಹೇಳಿದರಾಯಿತು. ಫೈಲ್‌ಗಳು ಲಾಂಚ್‌ಕ್ಯೂ ಎಂಬ ಬ್ರೌಸರಿನ ಸರದಿಯ ಮೂಲಕ ಪುಟಕ್ಕೆ ಬರುತ್ತವೆ. ಆಪ್ ಈಗಾಗಲೇ ತೆರೆದಿದ್ದರೆ ಏನಾಗಬೇಕೆಂದು ಹೇಳುವ ಲಾಂಚ್ ಹ್ಯಾಂಡ್ಲರ್‌ನಲ್ಲಿ ‘ಫೋಕಸ್ ಎಕ್ಸಿಸ್ಟಿಂಗ್’ ಆರಿಸಿ. ‘ನ್ಯಾವಿಗೇಟ್ ಎಕ್ಸಿಸ್ಟಿಂಗ್’ ಆದರೆ ತೆರೆದಿರುವ ಪುಟವೇ ಬದಲಾಗಿ ಉಳಿಸದ ಬರಹ ಹೋಗುತ್ತದೆ.

ಫೈರ್‌ಫಾಕ್ಸ್, ಸಫಾರಿಯಲ್ಲಿ ಈ ಪಿಕರ್‌ಗಳಿಲ್ಲ. ಅಲ್ಲಿ ಡೌನ್‌ಲೋಡ್ ಲಿಂಕ್ ಒಂದೇ ದಾರಿ, ಪ್ರತಿ ಸಲವೂ ಹೊಸ ಪ್ರತಿ ಬೀಳುತ್ತದೆ. ಸಫಾರಿಯಲ್ಲಂತೂ 7 ದಿನ ಬಳಸದ ಸೈಟಿನ ಇಂಡೆಕ್ಸ್‌ಡಿಬಿ ಅಳಿಸಿಹೋಗಬಹುದು. ಬರಹದ ಏಕೈಕ ಪ್ರತಿಯನ್ನು ಬ್ರೌಸರ್ ಸಂಗ್ರಹದಲ್ಲಿ ಬಿಡಲೇಬಾರದು.

ಸಿಸ್ಟಮ್ ಟ್ರೇ, ಬೇರೆ ಪ್ರೋಗ್ರಾಂ ಚಲಾಯಿಸುವುದು, ಯಾವ ಆಪ್ ಮುಂದಿದ್ದರೂ ಕೆಲಸ ಮಾಡುವ ಶಾರ್ಟ್‌ಕಟ್ ಬೇಕಾದರೆ ವೆಬ್ ಪುಟವನ್ನು ಡೆಸ್ಕ್‌ಟಾಪ್ ಆಪ್ ಆಗಿ ಕಟ್ಟುವ ಎಲೆಕ್ಟ್ರಾನ್ ಅಥವಾ ಟೌರಿ ನೋಡಬೇಕು. ಎಲೆಕ್ಟ್ರಾನ್ ತನ್ನೊಂದಿಗೆ ಇಡೀ ಕ್ರೋಮಿಯಂ (ಕ್ರೋಮ್‌ನ ತಳಹದಿಯಾದ ಬ್ರೌಸರ್) ಹೊತ್ತು ತರುತ್ತದೆ, ಹಾಗಾಗಿ ಎಲ್ಲೆಡೆ ಒಂದೇ ರೀತಿ ಕಾಣುತ್ತದೆ. ಟೌರಿ ಆಯಾ ಸಿಸ್ಟಮ್‌ನ ವೆಬ್‌ವ್ಯೂ (ಪುಟ ತೋರಿಸುವ ಭಾಗ) ಬಳಸುವುದರಿಂದ ಹಗುರ, ಆದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.